ಟಾರ್ಚಕ್ಕನ ಸಿಟ್ಟು, ದೊರೆಯ ಕಣ್ಣು

ನನ್ನ ಸೋದರತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅವಳನ್ನು ಅರೆಬರೆ ತಿಳಿದವರ ಮಾತು. ಮೂಗಿನ ತುದಿಯಲ್ಲಿರುವುದು ಬರೀ ಪೀಠಿಕೆ. ಕೂಗಾಟ, ಬೈಗುಳ, ಪಾತ್ರೆ ಕುಕ್ಕುವುದು ಎಲ್ಲ ಅದರಲ್ಲೇ ಮುಗಿಯುತ್ತದೆ. ನಿಜವಾದ ಸಿಟ್ಟು ಬಂದಾಗ ಅತ್ತೆ ಮಾತು ನಿಲ್ಲಿಸುತ್ತಿದ್ದಳು, ಚಪ್ಪಲಿ ಮೆಟ್ಟುತ್ತಿದ್ದಳು, ಹೊರಟುಬಿಡುತ್ತಿದ್ದಳು.

ಗಂಡನ ಮನೆಯಿಂದ ಹಾಗೇ ಹೊರಟಳು. ಸಾರು ಸಪ್ಪೆಯಾಗಿದೆ ಎಂದು ಆ ಮನುಷ್ಯ ತಟ್ಟೆ ಎಸೆದ. ಅತ್ತೆ ಆ ತಟ್ಟೆಯನ್ನು ಎತ್ತಿ, ತೊಳೆದು, ಒರೆಸಿ, ಗೂಡಿನಲ್ಲಿಟ್ಟು, ನೆಲವನ್ನೂ ಒರೆಸಿ, ಬಟ್ಟೆ ಹಿಂಡಿ ಒಣಹಾಕಿ, ಆಮೇಲೆ ಬಾಗಿಲು ತೆರೆದು ನಡೆದಳು. ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಬಟ್ಟೆಯನ್ನು ತಾನೇ ತಪ್ಪು ಕತ್ತರಿಸಿ ಆ ತಪ್ಪನ್ನು ಪಕ್ಕದ ಮಿಶಿನ್ನಿನ ಹೆಂಗಸಿನ ತಲೆಗೆ ಕಟ್ಟಿದ ಮೇಸ್ತ್ರಿಯನ್ನು ಒಂದು ಸಲ ನೋಡಿ, ಸೂಜಿಯಿಂದ ದಾರ ಬಿಡಿಸಿಟ್ಟು, ಅಲ್ಲಿಂದಲೂ ನಡೆದಳು. ಕೊನೆಗೆ ನಮ್ಮ ಮನೆಯಿಂದಲೂ. "ನಿಂಗೆ ಸ್ವಲ್ಪ ತಗ್ಗಿ ಬಗ್ಗಿ ಇರೋದು ಗೊತ್ತಿದ್ದಿದ್ರೆ ಇವತ್ತು ನಿನ್ನ ಸಂಸಾರ ನೆಟ್ಟಗಿರ್ತಿತ್ತು ಅಕ್ಕ" ಎಂದು ಅಪ್ಪ ಊಟದ ಹೊತ್ತಿನಲ್ಲಿ ಅಂದುಬಿಟ್ಟ. ಅತ್ತೆ ಕೈ ತೊಳೆದು ಎದ್ದವಳು ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಳು. ಆಮೇಲೆ ಅಪ್ಪ ಎಷ್ಟು ಸಲ ಹೋಗಿ ಕರೆದರೂ ಜಪ್ಪಯ್ಯ ಅನ್ನಲಿಲ್ಲ.

ಇದರಲ್ಲಿ ಒಂದು ಸಲವೂ ತಪ್ಪು ಅವಳದಾಗಿರಲಿಲ್ಲ. ಬಂದ ತೊಂದರೆಯೂ ಅದೇ. ಯಾವಾಗಲೂ ಸರಿ ಇರುವವರಿಗೆ ತಾವು ಹೊರಟ ಮೇಲೆ ಹಿಂದೆ ಏನಾಯಿತು ಎಂದು ತಿರುಗಿ ನೋಡುವ ಅಭ್ಯಾಸ ಇರುವುದಿಲ್ಲ.

ಥಿಯೇಟರಿನ ಕೆಲಸ ಸಿಕ್ಕಿದ್ದೂ ಸಿಟ್ಟಿನಿಂದಲೇ. ನಮ್ಮ ಬೀದಿಯ ಕೊನೆಯಲ್ಲಿ ಒಂದೇ ಪರದೆಯ ಹಳೆಯ ಥಿಯೇಟರ್ ಇದೆ. ಅಗಲವಾದ ಮೆಟ್ಟಿಲು, ಪಾಲಿಶ್ ಹೋದ ನೆಲದ ಹಜಾರ, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣ ಮಾಸಿದ ಪೋಸ್ಟರುಗಳು. ಅತ್ತೆ ಒಂದು ಮಧ್ಯಾಹ್ನ ಸಿನಿಮಾ ನೋಡಲು ಹೋಗಿದ್ದಾಗ ಸೀಟು ತೋರಿಸುವವನು ಟಾರ್ಚಿನ ಬೆಳಕನ್ನು ನೇರ ಅವಳ ಮುಖಕ್ಕೆ ಬಿಟ್ಟ. ಅತ್ತೆ ಅಲ್ಲೇ ನಿಂತು ಅವನ ಬೆವರಿಳಿಸಿದಳು. ಪರದೆಯ ಮೇಲೆ ನಾಯಕಿ ಅಳುತ್ತಿದ್ದಳಂತೆ, ಜನ ಅವಳನ್ನು ಬಿಟ್ಟು ಇವಳನ್ನು ನೋಡಿದರಂತೆ. ಗಲಾಟೆ ಕೇಳಿ ಬಂದ ದೊಡ್ಡ ಯಜಮಾನರು ಟಾರ್ಚನ್ನು ಅವನ ಕೈಯಿಂದ ಕಿತ್ತು ಇವಳ ಕೈಗೆ ಕೊಟ್ಟು, "ಅಷ್ಟು ಗೊತ್ತಿದ್ರೆ ನೀನೇ ಹಿಡಿಯಮ್ಮ" ಅಂದರು. ಹಿಡಿದಳು. ತಲೆ ಬೆಳ್ಳಗಾಗುವವರೆಗೂ ಹಿಡಿದಳು. ಅಲ್ಲಿಯವರಿಗೆಲ್ಲ ಅವಳು ಟಾರ್ಚಕ್ಕನಾದಳು.

ಟಾರ್ಚ್ ಹಿಡಿಯುವುದಕ್ಕೂ ಒಂದು ಕ್ರಮವಿದೆ ಎಂದು ನನಗೆ ಗೊತ್ತಾಗಿದ್ದು ಅವಳಿಂದ. ಗಾಜಿನ ಮೇಲರ್ಧಕ್ಕೆ ಕಪ್ಪು ಟೇಪು ಸುತ್ತಬೇಕು. ತಾನು ಮುಂದೆ ನಡೆಯುತ್ತ, ಕೈಯನ್ನು ಹಿಂದೆ ಇಳಿಬಿಟ್ಟು, ಬೆಳಕನ್ನು ಹಿಂದೆ ಬರುವವರ ಪಾದದ ಮುಂದೆ ಚೆಲ್ಲುತ್ತ ಹೋಗಬೇಕು. ಯಾರ ಕಣ್ಣಿಗೂ ಬೆಳಕು ಬೀಳಬಾರದು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಬೆಳಕು ಹೊಡೆಯುವುದು ಕೆನ್ನೆಗೆ ಹೊಡೆದ ಹಾಗೆ ಎನ್ನುತ್ತಿದ್ದಳು. ಸೀಟಿನ ಕೆಳಗೆ ಬಿದ್ದ ಕಿವಿಯೋಲೆ ಹುಡುಕುವಾಗಲೂ ಬೆಳಕು ಮಂಡಿಯಿಂದ ಮೇಲೇರುತ್ತಿರಲಿಲ್ಲ. ಜೊತೆಯವರು ಯಾರಾದರೂ ಮರೆತು ಟಾರ್ಚ್ ಎತ್ತಿದರೆ ಮುಗಿಯಿತು, ಇಂಟರ್‌ವಲ್ಲಿನಲ್ಲಿ ಅವರಿಗೆ ಮಂಗಳಾರತಿ.

ದೊರೆ ಅಲ್ಲಿಗೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಬೂದು ಬಣ್ಣದ ಗಂಡು ಬೆಕ್ಕು, ಕತ್ತಿನ ಕೆಳಗೆ ಬಿಳಿ. ಪರದೆಯ ಹಿಂದಿನ ವೈರು ಕಡಿಯುತ್ತಿದ್ದ ಇಲಿಗಳನ್ನು ಮುಗಿಸಿ ಕೆಲಸ ಖಾಯಂ ಮಾಡಿಕೊಂಡಿತು. ಪ್ರತಿ ಆಟಕ್ಕೂ ಮೊದಲು ಬಾಲ ಎತ್ತಿಕೊಂಡು ಸಾಲು ಸಾಲಾಗಿ ಇಡೀ ಹಾಲ್ ಸುತ್ತುತ್ತಿತ್ತು. ಯಾವ ಸೀಟಿನ ಸ್ಪ್ರಿಂಗ್ ಹೋಗಿದೆ, ಎಲ್ಲಿ ಸೋರಿದೆ ಎಂದು ತಪಾಸಣೆ ಮಾಡುವ ಠೀವಿ. ಅದಕ್ಕೇ ದೊರೆ ಎಂದು ಹೆಸರು. ಪ್ರೊಜೆಕ್ಟರ್ ರೂಮಿನ ಆಪರೇಟರ್, "ದೊರೆಗಳ ಸವಾರಿ ಮುಗೀತಾ? ರೀಲ್ ಬಿಡ್ಲಾ?" ಎಂದು ಮೇಲಿನ ಕಿಂಡಿಯಿಂದ ಕೇಳುತ್ತಿದ್ದ. ಅತ್ತೆ ಮನುಷ್ಯರ ಮೇಲೆ ತೋರಿಸದ ಅಕ್ಕರೆಯನ್ನೆಲ್ಲ ಅದರ ಮೇಲೆ ಸುರಿದಳು. ಮನೆಯಿಂದ ಡಬ್ಬಿಯಲ್ಲಿ ಮೀನಿನ ಚೂರು ತಂದು, ಪರದೆಯ ಕೆಳಗಿನ ಕಟ್ಟೆಯ ಮೇಲೆ ಕೂತು, ಮುಳ್ಳು ಬಿಡಿಸಿ ತಿನ್ನಿಸುತ್ತಿದ್ದಳು. ನಮಗೆ ಯಾರಿಗಾದರೂ ಹಾಗೆ ಮುಳ್ಳು ಬಿಡಿಸಿ ಕೊಟ್ಟಿದ್ದು ನನಗೆ ನೆನಪಿಲ್ಲ.

ದೊರೆಗೆ ವಯಸ್ಸಾಯಿತು. ಸ್ವಲ್ಪ ಸೊರಗಿತು. ನೀರು ಕುಡಿಯುವುದು ಹೆಚ್ಚಾಯಿತು. ಬೋಗುಣಿ ಖಾಲಿ ಮಾಡಿ, ಹಿಂದಿನ ನಲ್ಲಿಯ ಕೆಳಗೂ ಹೋಗಿ ನಾಲಿಗೆ ಚಾಚುತ್ತಿತ್ತು. "ಸೆಕೆ ಅಕ್ಕ" ಅಂದ ಆಪರೇಟರ್. ಅತ್ತೆ ದೊಡ್ಡ ಬೋಗುಣಿ ತಂದಿಟ್ಟಳು. ದೊರೆಯ ಕಣ್ಣಿನ ಕಪ್ಪು ಪಾಪೆಗಳು ಹಗಲಲ್ಲೂ ಅಗಲವಾಗಿ ಕಾಣತೊಡಗಿದ್ದವು. ಹಜಾರದ ಬಿಸಿಲಿಗೆ ಬಂದಾಗ ಗೀಟಿನ ಹಾಗೆ ಸಣ್ಣಗಾಗಬೇಕಾದ ಪಾಪೆ ಅರ್ಧಕ್ಕೆ ನಿಲ್ಲುತ್ತಿತ್ತು. ಬೇರೆ ಯಾವ ಮನೆಯಲ್ಲಾದರೂ ಇದನ್ನು ಯಾರಾದರೂ ಗಮನಿಸುತ್ತಿದ್ದರೇನೋ. ಥಿಯೇಟರಿನವರು ಹೇಗೆ ಗಮನಿಸುತ್ತಾರೆ? ಅಲ್ಲಿ ಎಲ್ಲರೂ ಕತ್ತಲೆಯಿಂದ ಬಂದವರೇ. ಹೊರಗೆ ಬಂದು ಐದು ನಿಮಿಷ ಕಣ್ಣು ಕಿರಿದು ಮಾಡಿ ಗೋಡೆ ಹಿಡಿದು ನಿಲ್ಲುವುದು ಅಲ್ಲಿ ಎಲ್ಲರ ಪಾಡು. "ಈಗ ತಾನೆ ಒಳಗಿಂದ ಬಂತಲ್ಲ, ಕಣ್ಣು ಹೊಂದ್ಕೋಬೇಕು" ಎಂದು ಕ್ಯಾಂಟೀನಿನವನು ಹೇಳಿದ, ಗೇಟಿನವನು ಹೇಳಿದ, ಅತ್ತೆಯೂ ಅದನ್ನೇ ಹೇಳಿದಳು. ತಮ್ಮ ಕಣ್ಣಿಗೆ ಆಗುವುದನ್ನು ಅದರ ಕಣ್ಣಿಗೂ ಹಚ್ಚಿ ಎಲ್ಲರೂ ಸಮಾಧಾನ ಮಾಡಿಕೊಂಡರು.

ಅಷ್ಟರಲ್ಲಿ ದೊಡ್ಡ ಯಜಮಾನರು ಹಾಸಿಗೆ ಹಿಡಿದು, ಅವರ ಮಗ ಬಂದು ಕುರ್ಚಿಯಲ್ಲಿ ಕೂತ. ಚಿಕ್ಕ ಯಜಮಾನ. ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ನಗುನಗುತ್ತ ಮಾತಾಡುವವರೆಲ್ಲ ಒಳ್ಳೆಯವರು ಎಂದು ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ. ಅವನು ಒಂದು ದೆವ್ವದ ಸಿನಿಮಾ ಹಾಕಿದ. ಜನ ಸೇರಿಸಲು ಅವನಿಗೊಂದು ಉಪಾಯ ಹೊಳೆಯಿತು. ಹಜಾರದ ಮೂಲೆಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಒಂದು ಎತ್ತರದ ಸ್ಟೂಲು, ಮೇಲೊಂದು ಕೆಂಪು ಬಲ್ಬು, ಸ್ಟೂಲಿನ ಮೇಲೆ ದೊರೆ. ಬಂದವರು ಅದರ ಜೊತೆ ಫೋಟೋ ಹೊಡೆಸಿಕೊಳ್ಳಬೇಕು, ಹೊಳೆಯುವ ಕಣ್ಣು ಕಂಡು ಕಿರುಚಬೇಕು, ಫೋಟೋ ಊರೆಲ್ಲ ಓಡಾಡಬೇಕು.

ಮೊದಲ ಸಂಜೆಯೇ ಅತ್ತೆ ಅದನ್ನು ನೋಡಿದಳು. ಫ್ಲಾಶ್ ಹೊಡೆದಾಗಲೆಲ್ಲ ದೊರೆ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ತಿರುಗಿಸುತ್ತಿತ್ತು, ಇಳಿದು ಓಡಲು ನೋಡುತ್ತಿತ್ತು. ಕತ್ತಿಗೆ ರಿಬ್ಬನ್ ಕಟ್ಟಿ, ರಿಬ್ಬನ್ನಿಗೆ ದಾರ ಕಟ್ಟಿ, ದಾರವನ್ನು ಸ್ಟೂಲಿನ ಕಾಲಿಗೆ ಕಟ್ಟಿದ್ದರು. ಅತ್ತೆ ನೇರ ಹೋಗಿ ದಾರ ಬಿಚ್ಚತೊಡಗಿದಳು.

"ಅಕ್ಕ, ಅಕ್ಕ, ಏನ್ ಮಾಡ್ತಿದೀರಾ?" ಎಂದು ಚಿಕ್ಕ ಯಜಮಾನ ಓಡಿ ಬಂದ.

"ಅದರ ಕಣ್ಣಿಗೆ ಬೆಳಕು ಬಿಡ್ತಿದೀರಲ್ಲ, ನಿಮಗೆ ಯಾರಾದ್ರೂ ಹಾಗೆ ಮಾಡಿದ್ರೆ?"

"ಒಂದೆರಡು ಗಂಟೆ ವಿಷಯ ಅಕ್ಕ. ಜನ ಖುಷಿಪಡ್ತಿದಾರೆ. ನೋಡಿ, ನಿಮ್ಮ ಕೆಲಸ ಒಳಗೆ. ಹಜಾರ ನಂದು, ಬೆಕ್ಕೂ ಥಿಯೇಟರಿಂದು. ನಿಮಗೆ ಇಷ್ಟ ಇಲ್ದಿದ್ರೆ ಈ ಕಡೆ ನೋಡ್ಬೇಡಿ."

ಜನರ ಮುಂದೆ, ನಗುನಗುತ್ತ, ಹೀಗೆ ಹೇಳಿದ. ಅತ್ತೆಯ ಕೈ ದಾರದ ಮೇಲೇ ನಿಂತಿತು. ಅವಳ ಬಾಯಿ ಮುಚ್ಚಿತು. ಅವಳನ್ನು ಬಲ್ಲವರಿಗೆ ಅದರ ಅರ್ಥ ಗೊತ್ತಿತ್ತು. ಕೆಲಸ ಬಿಡಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ಬಿಟ್ಟರೆ ದೊರೆಗೆ ಊಟ ಹಾಕುವವರಿಲ್ಲ. ಆದರೆ ಆ ಸಿನಿಮಾ ಎತ್ತುವವರೆಗೆ ಹಜಾರಕ್ಕೆ ಕಾಲಿಡುವುದಿಲ್ಲ ಎಂದು ಪಟ್ಟು ಹಿಡಿದಳು. ಅಂದಿನಿಂದ ಓಣಿಯ ಕಡೆಯ ಬಾಗಿಲಿನಿಂದ ಒಳಗೆ ಬರುವುದು, ಒಳಗೇ ಸೀಟು ತೋರಿಸುವುದು, ಅದೇ ಬಾಗಿಲಿನಿಂದ ಹೋಗುವುದು. "ನೋಡ್ಬೇಡ ಅಂದ್ನಲ್ಲ, ನೋಡಲ್ಲ" ಎಂದು ನನ್ನ ಹತ್ತಿರ ಅಂದಳು. ನಾನು ಅದೇ ಬೀದಿಯ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಅವಳ ಜೊತೆ ಓಣಿಯ ಮೆಟ್ಟಿಲ ಮೇಲೆ ಕೂತು ಡಬ್ಬಿ ತಿನ್ನುತ್ತಿದ್ದೆ. ಅವಳಿಗೆ ಹೆಮ್ಮೆಯೇ ಆಗಿತ್ತು. ನನಗೂ ಅವಳ ಬಗ್ಗೆ ಹೆಮ್ಮೆಯಾಗಿತ್ತು.

ಸಿನಿಮಾ ಓಡಿತು. ದರಿದ್ರದ್ದು, ಯಾರೂ ಅಂದುಕೊಳ್ಳದಷ್ಟು ವಾರ ಓಡಿತು. ಒಳಗೆ ದೊರೆ ಎಂದಿನಂತೆ ಆಟಕ್ಕೆ ಮೊದಲು ಸಾಲು ಸುತ್ತುತ್ತಿತ್ತು. ಅತ್ತೆ ನಾಲಿಗೆ ಚಪ್ಪರಿಸಿದರೆ ಕತ್ತಲಲ್ಲಿ ಒಂದು ಸೀಟಿಗೂ ತಾಗದೆ ಬಂದು ಅವಳ ಕಾಲಿಗೆ ಮೈ ಉಜ್ಜುತ್ತಿತ್ತು. ಮೀನು ತಿನ್ನಿಸುವುದೂ ಆ ಕತ್ತಲಲ್ಲೇ. ಅವಳ ಟಾರ್ಚು ನೆಲ ನೋಡುತ್ತಿತ್ತು. ದೊರೆಯ ನಾಲ್ಕು ಪಾದ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ.

ಆ ಸಿನಿಮಾ ಎತ್ತಿದ ಮರುದಿನ ಆಟವಿರಲಿಲ್ಲ. ತೊಳೆಯುವ ದಿನ. ಎಲ್ಲ ಬಾಗಿಲುಗಳನ್ನೂ ಹಾರುಹೊಡೆದು, ಎಲ್ಲ ದೀಪ ಹಾಕಿ, ನೀರು ಸುರಿದು ಉಜ್ಜುತ್ತಿದ್ದರು. ನನಗೂ ರಜೆ, ಕೈಜೋಡಿಸಲು ಹೋಗಿದ್ದೆ. ಮುರಿದ ಸೀಟುಗಳ ಒಂದು ಸಾಲನ್ನು ಕಿತ್ತು ನಡುವಿನ ಓಡಾಡುವ ದಾರಿಯಲ್ಲಿ ಇಟ್ಟಿದ್ದರು. ಅತ್ತೆ ಪರದೆಯ ಕಟ್ಟೆಯ ಮೇಲೆ ಕೂತು ಮೀನಿನ ಡಬ್ಬಿ ತೆರೆದು ನಾಲಿಗೆ ಚಪ್ಪರಿಸಿದಳು. ದೊರೆ ಹಿಂದಿನ ಬಾಗಿಲಿನಿಂದ ಬಾಲ ಎತ್ತಿಕೊಂಡು ಬಂತು. ಎಂದಿನ ದಾರಿ, ಎಂದಿನ ಓಟ. ನೇರ ಬಂದು ಕಿತ್ತಿಟ್ಟ ಸೀಟಿನ ಕಬ್ಬಿಣಕ್ಕೆ ಮುಖ ಹೊಡೆದುಕೊಂಡು ಬಿತ್ತು. ಎದ್ದು ಪಕ್ಕಕ್ಕೆ ಸರಿದು, ಅಲ್ಲಿದ್ದ ಬಕೀಟಿಗೆ ಹೊಡೆದುಕೊಂಡಿತು. ಆಮೇಲೆ ಅಲ್ಲೇ ಕುಳಿತುಬಿಟ್ಟಿತು. ಮುಖ ಮಾತ್ರ ಅತ್ತೆಯ ಕಡೆಗೆ, ಆದರೆ ಅವಳಿಂದ ಒಂದು ಮೊಳ ಪಕ್ಕಕ್ಕೆ.

ಅತ್ತೆ ಡಬ್ಬಿ ಕೆಳಗಿಟ್ಟಳು. ಹತ್ತಿರ ಹೋಗಿ ಅದನ್ನೆತ್ತಿ ಬಾಗಿಲ ಬಿಸಿಲಿಗೆ ತಂದಳು. ಎರಡೂ ಕಣ್ಣುಗಳಲ್ಲಿ ಬಣ್ಣವೇ ಕಾಣದ ಹಾಗೆ ಪಾಪೆ ತುಂಬಿಕೊಂಡಿತ್ತು. ಎಡಗಣ್ಣಿನ ಒಳಗೆ ಕೆಳಗಡೆ ಒಂದು ಕೆಂಪು ಛಾಯೆ. "ಈಗ ತಾನೆ ಒಳಗಿಂದ..." ಎಂದು ಕ್ಯಾಂಟೀನಿನವನು ಬಾಯಿ ತೆರೆದ. ಒಳಗೂ ದೀಪಗಳೆಲ್ಲ ಉರಿಯುತ್ತಿದ್ದವು. ಅವನೇ ಅದನ್ನು ಕಂಡು ಮಾತು ನುಂಗಿದ.

ಅತ್ತೆ ಸೊಂಟದಿಂದ ಟಾರ್ಚ್ ತೆಗೆದಳು. ಉಗುರಿನಿಂದ ಕಪ್ಪು ಟೇಪು ಸುಲಿದು ಹಾಕಿ, ದೊರೆಯ ಕಣ್ಣಿಗೆ ನೇರ ಬೆಳಕು ಬಿಟ್ಟಳು. ಪಾಪೆ ಅಲುಗಲಿಲ್ಲ. ರೆಪ್ಪೆ ಮಿಟುಕಲಿಲ್ಲ. ದೊರೆ ಅವಳ ಕೈಯನ್ನು ಮೂಸಿ ನೋಡಿ ನೆಕ್ಕಿತು. ಮೀನಿನ ವಾಸನೆ ಇತ್ತಲ್ಲ.

ನನ್ನ ಸ್ಕೂಟರಿನ ಹಿಂದೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ದಾರಿಯುದ್ದಕ್ಕೂ ಚಿಕ್ಕ ಯಜಮಾನನ ಏಳು ತಲೆಮಾರನ್ನೂ ಬಿಡದೆ ಬೈದಳು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ತಮಗೇ ಬೈಯುತ್ತಿದ್ದಾಳೆ ಎಂದುಕೊಂಡು ಹಿಂದೆ ಸರಿದರು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮನಿಗೆ ನನ್ನ ವಯಸ್ಸೇ ಇರಬಹುದು. ತೋಳಿನ ತುಂಬ ಪರಚಿದ ಗುರುತುಗಳು. ಕೋಣೆಯ ದೀಪ ಆರಿಸಿ, ಸಣ್ಣ ಬೆಳಕಿನಲ್ಲಿ ಕಣ್ಣಿನ ಒಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ದೊರೆಯ ಮುಂಗಾಲಿಗೆ ಬೆರಳಗಲದ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಮತ್ತೆ ನೋಡಿದಳು. ರಕ್ತ ತೆಗೆದು ಒಳಗೆ ಕಳಿಸಿದಳು. ನಾವು ಬೆಂಚಿನ ಮೇಲೆ ಕಾದೆವು.

"ಇದಕ್ಕೆ ಬಿಪಿ ವಿಪರೀತ ಇದೆ" ಅಂದಳು ಬಂದು.

"ಏನು?" ಅಂದಳು ಅತ್ತೆ.

"ಬಿಪಿ. ರಕ್ತದೊತ್ತಡ."

"ಬೆಳಗಿಂದ ಸಂಜೆವರೆಗೆ ಕೂಗಾಡೋಳು ನಾನು. ನಂಗೆ ಬರಬೇಕಾದ್ದು ಇದಕ್ಕೆ ಬಂತಾ?" ಎಂದು ಅತ್ತೆ ಡಾಕ್ಟರಮ್ಮನ ಮೇಲೆಯೇ ರೇಗಿದಳು. ನನಗೆ ಆ ಹೊತ್ತಿನಲ್ಲೂ ನಗು ಬಂತು.

ಡಾಕ್ಟರಮ್ಮ ನಗಲಿಲ್ಲ. "ಕಿಡ್ನಿ ಕೆಟ್ಟಿದೆ. ವಯಸ್ಸಾದ ಬೆಕ್ಕುಗಳಲ್ಲಿ ಆಗುತ್ತೆ. ಅದರಿಂದ ಬಿಪಿ ಏರಿದೆ. ಏರಿ ಏರಿ ಕಣ್ಣಿನ ಹಿಂದಿರೋ ಪರದೆ ಕಿತ್ತು ಬಂದಿದೆ. ಒಳಗೆ ಸ್ವಲ್ಪ ರಕ್ತಾನೂ ಸೋರಿದೆ. ಎರಡೂ ಕಣ್ಣು ಕಾಣ್ತಿಲ್ಲ. ನೀರು ಜಾಸ್ತಿ ಕುಡೀತಿತ್ತಾ?"

"ಹೂಂ. ದೊಡ್ಡ ಬೋಗುಣಿ ಇಟ್ಟೆ."

"ಪಾಪೆ ದೊಡ್ಡದಾಗಿದ್ದು ಯಾವಾಗಿಂದ?"

ಅತ್ತೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಬೆಕ್ಕು ನಂಗೆ ನೋವು ಅಂತ ಬಂದು ಹೇಳಲ್ಲಮ್ಮ" ಅಂದಳು ಡಾಕ್ಟರಮ್ಮ. ಅವಳ ದನಿಯಲ್ಲೂ ಸಿಟ್ಟಿತ್ತು, ದಿನಾ ಇದನ್ನೇ ಹೇಳಿ ಹೇಳಿ ಬಂದ ಸಿಟ್ಟು. "ಕಣ್ಣು ನೋಡಿ ನಾವೇ ತಿಳ್ಕೋಬೇಕು. ಬೆಳಕಲ್ಲಿ ಪಾಪೆ ಸಣ್ಣ ಆಗ್ಲಿಲ್ಲ, ಒಂದು ದೊಡ್ಡದು ಒಂದು ಚಿಕ್ಕದು ಆಯ್ತು, ಮೂಗಿನ ಕಡೆಯಿಂದ ಬಿಳಿ ಪೊರೆ ಬಂದು ಅರ್ಧ ಮುಚ್ಚಿ ನಿಂತ್ಕೊಂಡ್ತು, ಕಣ್ಣೊಳಗೆ ಕೆಂಪು ಕಂಡ್ತು ಅಂದ್ರೆ ಕೆಟ್ಟಿರೋದು ಕಣ್ಣು ಒಂದೇ ಆಗಿರಲ್ಲ, ಮೈಯೊಳಗೆ ಇನ್ನೇನೋ ಇರಬಹುದು. ಜನ ಏನ್ ಮಾಡ್ತಾರೆ? ಮೆಡಿಕಲ್ ಶಾಪಿಂದ ಒಂದು ಡ್ರಾಪ್ಸ್ ತಂದು ಹಾಕಿ ಸುಮ್ನಾಗ್ತಾರೆ. ಇಲ್ಲಾ ಕಣ್ಣು ಎಷ್ಟು ಚೆನ್ನಾಗಿ ಹೊಳೆಯುತ್ತೆ ಅಂತ ಫೋಟೋ ತೆಗೀತಾರೆ."

ಅವಳಿಗೆ ನಮ್ಮ ಕತೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಹೇಳಿದ ಮಾತು. ಅತ್ತೆಯ ಮುಖ ನೋಡಲಾಗಲಿಲ್ಲ.

"ಆ ಪರದೆ ಮತ್ತೆ ಅಂಟಿಸೋಕಾಗಲ್ವಾ?" ಎಂದು ಅತ್ತೆ ಕೇಳಿದಳು.

"ಕಣ್ಣು ಹೋದ ಒಂದೆರಡು ದಿನದಲ್ಲಿ ಬಂದಿದ್ರೆ, ಮಾತ್ರೆ ಕೊಟ್ಟು ಬಿಪಿ ಇಳಿಸಿದ್ರೆ, ಕೆಲವು ಸಲ ಅದೇ ಹೋಗಿ ಕೂತ್ಕೊಳ್ಳುತ್ತೆ. ಸ್ವಲ್ಪನಾದ್ರೂ ಕಾಣುತ್ತೆ. ಇದು ಹಳೇದಾಗಿದೆ. ವಾರಗಳೇ ಆಗಿರಬೇಕು. ಈಗ ಮಾತ್ರೆ ಕೊಡೋದು ಜೀವ ಉಳಿಸೋಕೆ. ಕಣ್ಣು ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ವಾರಗಳೇ ಆಗಿರಬೇಕು. ವಾಪಸ್ ಬರುವಾಗ ಅತ್ತೆ ಯಾರನ್ನೂ ಬೈಯಲಿಲ್ಲ.

ಥಿಯೇಟರಿಗೆ ಬಂದವಳೇ ಹಜಾರಕ್ಕೆ ನುಗ್ಗಿ ಕ್ಯಾಂಟೀನಿನವನ ಎದುರು ನಿಂತಳು. ದೊರೆಯನ್ನು ಕೂರಿಸುತ್ತಿದ್ದ ಮೂಲೆ ಅವನ ಕಟ್ಟೆಗೆ ನೇರ ಎದುರು. ಎಲ್ಲವನ್ನೂ ನೋಡಿದವನು ಅವನೇ.

"ಒಂದೇ ಒಂದು ಕೇಳ್ತೀನಿ. ನಾನು ನೋಡಿದ ದಿನ ಫ್ಲಾಶಿಗೆ ಮುಖ ತಿರುಗಿಸ್ತಿತ್ತು. ಅದು ತಿರುಗಿಸೋದು ನಿಲ್ಸಿದ್ದು ಯಾವಾಗ?"

ಅವನು ಒರೆಸುವ ಬಟ್ಟೆಯನ್ನು ಹಿಂಡತೊಡಗಿದ. ಬಟ್ಟೆಯಲ್ಲಿ ನೀರಿರಲಿಲ್ಲ.

"ಮೂರ್ನೇ ಸಂಜೆ ಅಕ್ಕ. ಮೊದಲೆರಡು ದಿನ ಬಹಳ ಕೊಸರಾಡ್ತು. ಮೂರ್ನೇ ದಿನ ಕೂರಿಸಿದ್ರೆ ಅಲ್ಲಾಡ್ಲೇ ಇಲ್ಲ. ಕಲ್ಲಿನ ಹಾಗೆ ಕೂತಿತ್ತು. ಎಷ್ಟು ಫ್ಲಾಶ್ ಹೊಡೆದ್ರೂ ರೆಪ್ಪೆ ಮಿಟುಕಿಸ್ಲಿಲ್ಲ. ಪಳಗಿತು, ಪಳಗಿತು, ಎಂಥ ಆಕ್ಟರ್ ಅಂತ... ಎಲ್ಲ ಚಪ್ಪಾಳೆ ಹೊಡೆದ್ವಿ. ದಾರಾನೂ ಬಿಚ್ಚಿದ್ವಿ ಅಕ್ಕ. ದಾರ ಬೇಡ ಇನ್ನು ಅಂತ."

ಒಂದು ಪ್ರಾಣಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಿದೆ. ಎತ್ತರದ ಸ್ಟೂಲಿನ ಮೇಲಿದೆ. ಕೆಳಗೆ ನೆಲ ಎಷ್ಟು ದೂರವಿದೆ ಎಂದು ಅದಕ್ಕೆ ತಿಳಿಯುತ್ತಿಲ್ಲ, ಸುತ್ತ ಜನ ಕಿರುಚುತ್ತಿದ್ದಾರೆ, ಗುರುತಿಲ್ಲದ ಕೈಗಳು ಬಂದು ಸವರಿ ಹೋಗುತ್ತಿವೆ. ಹೆದರಿ ಮರಗಟ್ಟಿ ಕೂತದ್ದಕ್ಕೆ ಚಪ್ಪಾಳೆ! ಪ್ರತಿ ಸಂಜೆ, ವಾರಗಟ್ಟಲೆ. ಆ ಹಜಾರದಲ್ಲಿ ಎಷ್ಟು ಜೊತೆ ಕಣ್ಣುಗಳಿದ್ದವು!

ಚಿಕ್ಕ ಯಜಮಾನನ ಕೋಣೆಗೆ ಹೋದಾಗ ಅತ್ತೆಯ ಹಿಂದೆ ನಾನೂ ಇದ್ದೆ. ಅವನು ಪೂರ್ತಿ ಕೇಳಿದ. ಆಮೇಲೆ ಹಲ್ಲು ಕಿರಿದ.

"ಬೆಕ್ಕಿಗೂ ಬಿಪಿ ಬರುತ್ತಾ ಅಕ್ಕ? ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಪಾಪ. ಬೇಜಾರ್ ಮಾಡ್ಕೋಬೇಡಿ, ಒಂದು ಒಳ್ಳೆ ಮರಿ ತರಿಸಿಕೊಡ್ತೀನಿ."

"ಫ್ಲಾಶಿಂದ ಕಣ್ಣು ಹೋಯ್ತು ಅಂತ ನಾನು ಹೇಳ್ತಿಲ್ಲ" ಅಂದಳು ಅತ್ತೆ. ಅವಳ ದನಿ ಸಣ್ಣಗಿತ್ತು. "ಕಾಯಿಲೆ ಅದರ ಮೈಯಲ್ಲೇ ಇತ್ತು. ಆದ್ರೆ ದಿನಾ ಅದರ ಕಣ್ಣನ್ನೇ ತೋರಿಸಿ ಜನ ಸೇರಿಸಿದ್ರಿ. ಬಂದೋರೆಲ್ಲ ಅದರ ಕಣ್ಣನ್ನೇ ನೋಡಿದ್ರು. ಒಬ್ಬನಿಗೂ ಕಾಣ್ಲಿಲ್ವಲ್ಲ."

"ನೀವೂ ಇಲ್ಲೇ ಇದ್ರಲ್ಲ ಅಕ್ಕ" ಅಂದ ಅವನು, ಮೆತ್ತಗೆ.

ಅವನ ಕೆನ್ನೆಗೆ ನಾನೇ ಬಾರಿಸಬೇಕೆನ್ನಿಸಿತು. ಅತ್ತೆ ಹೊರಗೆ ಬಂದಳು. ಓಣಿಯ ಮೆಟ್ಟಿಲ ಮೇಲೆ, ನಾವು ದಿನಾ ಊಟ ಮಾಡುವ ಜಾಗದಲ್ಲಿ, ದೊರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಅವನ ಮಾತು ತಲೆಗೆ ಹಾಕ್ಕೋಬೇಡ ಅತ್ತೆ. ನಿಂದೇನು ತಪ್ಪಿದೆ? ನೀನು ಅಲ್ಲಿ ಇರ್ಲೇ ಇಲ್ವಲ್ಲ" ಅಂದೆ.

ಅವಳು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ.

"ಅದೇ ಕಣೇ. ಅಲ್ಲಿದ್ದೋರಿಗೆ ಇದರ ಸ್ವಭಾವ ಗೊತ್ತಿರ್ಲಿಲ್ಲ. ಬೆಳಕು ಬಿದ್ರೆ ಇದು ಹೇಗೆ ಮುಖ ಮುದುರುತ್ತೆ ಅಂತ ನಂಗೆ ಗೊತ್ತಿತ್ತು. ಮೂರ್ನೇ ಸಂಜೆ ಒಂದು ನಿಮಿಷ ಇಣುಕಿದ್ರೆ ಸಾಕಿತ್ತು, ಏನೋ ಆಗಿದೆ ಅಂತ ತಿಳೀತಿತ್ತು. ಮರುದಿನವೇ ಆ ಡಾಕ್ಟರಮ್ಮನ ಹತ್ರ ಓಡ್ತಿದ್ದೆ. ನಾನೇನ್ ಮಾಡ್ತಿದ್ದೆ? ಈ ಬಾಗಿಲಿಂದ ಬಂದು ಈ ಬಾಗಿಲಿಂದ ಹೋಗ್ತಿದ್ದೆ. ಮಹಾ ಸಿಟ್ಟು ನಂದು."

ಚಪ್ಪಲಿಯನ್ನು ಕಾಲಿನಿಂದ ಕಿತ್ತು ಓಣಿಗೆ ಎಸೆದಳು. ಒಂದು ಸ್ವಲ್ಪ ಹೊತ್ತಾದ ಮೇಲೆ ನಾನು ಹೋಗಿ ಎತ್ತಿಕೊಂಡು ಬಂದೆ.

ಆಮೇಲಿನ ದಿನಗಳಲ್ಲಿ ದೊರೆಗೆ ಮಾತ್ರೆ ನುಂಗಿಸುವುದು ಒಂದು ಹರಸಾಹಸವಾಯಿತು. ಮೀನಿನ ಚೂರಿನಲ್ಲಿ ಹುದುಗಿಸಿಟ್ಟರೆ ಮೀನು ತಿಂದು ಮಾತ್ರೆಯನ್ನು ಉಗಿಯುತ್ತಿತ್ತು. ಅತ್ತೆ ಬೈಯುತ್ತ, ರಮಿಸುತ್ತ, ಮತ್ತೆ ಬೈಯುತ್ತ, ದವಡೆ ಹಿಡಿದು ಒಳಗೆ ತಳ್ಳಿ ಗಂಟಲು ನೀವುತ್ತಿದ್ದಳು. ಬಿಪಿ ಇಳಿಯಿತು. ಮೈ ಸ್ವಲ್ಪ ತುಂಬಿತು. ಕಣ್ಣು ಬರಲಿಲ್ಲ. ಯಾವ ಸೀಟನ್ನೂ ಜಾಗದಿಂದ ಕದಲಿಸಬಾರದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಕದಲಿಸಿದ ಕ್ಲೀನರನ ನೀರಿಳಿಸಿದಳು. ಚಿಕ್ಕ ಯಜಮಾನನ ಜೊತೆ ಮಾತು ಬಿಟ್ಟಳು, ಆದರೆ ಪ್ರತಿ ದಿನ ಮುಂಬಾಗಿಲಿನಿಂದಲೇ ಬಂದಳು.

ಹೊಸದೊಂದು ದೆವ್ವದ ಸಿನಿಮಾ ಬಂತು. ಬರದೆ ಇರುತ್ತದೆಯೇ! ಶುಕ್ರವಾರ ಮ್ಯಾಟಿನಿಗೆ ನಾನು ಅತ್ತೆಗೆ ಡಬ್ಬಿ ಕೊಡಲು ಹೋದಾಗ ಹಜಾರದ ಮೂಲೆಯಲ್ಲಿ ಸ್ಟೂಲು, ಕಪ್ಪು ಬಟ್ಟೆ, ಕೆಂಪು ಬಲ್ಬು ಎಲ್ಲ ಮತ್ತೆ ತಯಾರಾಗಿದ್ದವು. ಚಿಕ್ಕ ಯಜಮಾನ ದೊರೆಯನ್ನು ಎತ್ತಿಕೊಂಡು ನಿಂತಿದ್ದ. ಅತ್ತೆ ಅವನ ಎದುರು.

"ಈಗ ಅದಕ್ಕೆ ಹೇಗೂ ಕಾಣಲ್ವಲ್ಲ ಅಕ್ಕ" ಎಂದು ಅವನು ಸಮಾಧಾನದಿಂದ ವಿವರಿಸುತ್ತಿದ್ದ. "ಇನ್ನು ಫ್ಲಾಶಿಂದ ಅದಕ್ಕೆ ತೊಂದರೆನೇ ಇಲ್ಲ. ನಿಮ್ಮ ಬೇಜಾರು ಅದೇ ತಾನೆ?"

ಅತ್ತೆ ಬಾಯಿ ಮುಚ್ಚಿದಳು. ಗೇಟಿನವನು ತಾನಾಗಿಯೇ ದಾರಿ ಬಿಟ್ಟು ಸರಿದ, ಕ್ಯಾಂಟೀನಿನವನು ಓಣಿಯ ಬಾಗಿಲ ಕಡೆ ನೋಡಿದ. ಹೋಗುತ್ತಾಳೆ ಎಂದು ನನಗೂ ಅನ್ನಿಸಿತು. ಈ ಸಲ ಕೆಲಸವನ್ನೂ ಬಿಟ್ಟೇ ಹೋಗುತ್ತಾಳೆ ಎಂದು.

ಅತ್ತೆ ಅವನ ಕೈಯಿಂದ ದೊರೆಯನ್ನು ಕಸಿದುಕೊಂಡಳು. ಸ್ಟೂಲಿನ ಮೇಲಿನ ಕಪ್ಪು ಬಟ್ಟೆಯನ್ನು ಎಳೆದು ನೆಲಕ್ಕೆ ಹಾಕಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಹತ್ತಿ ಕೂತು, ದೊರೆಯನ್ನು ಮಡಿಲಿಗೆ ಹಾಕಿಕೊಂಡಳು.

"ಇದೇನಕ್ಕ?"

"ಇಲ್ಲೇ ಕೂರ್ತೀನಿ."

"ಒಳಗೆ ಸೀಟು ತೋರಿಸೋರು ಯಾರು?"

"ನೀವೇ ತೋರ್ಸಿ. ಥಿಯೇಟರ್ ನಿಮ್ದಲ್ವಾ?"

"ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ."

"ತೆಗೀರಿ. ಇಲ್ಲಿಂದ ಮಾತ್ರ ಏಳಲ್ಲ."

ಅವನು ಅತ್ತಿತ್ತ ನೋಡಿದ. ಎಬ್ಬಿಸಿ ಎಂದು ಯಾರಿಗೂ ಹೇಳುವ ಧೈರ್ಯ ಅವನಿಗೆ ಬರಲಿಲ್ಲ, ಹೇಳಿದ್ದರೆ ಎಬ್ಬಿಸುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಬೆಲ್ ಹೊಡೆಯಿತು. ಜನ ಮೆಟ್ಟಿಲು ಹತ್ತಿ ಬರತೊಡಗಿದರು. ಕೆಂಪು ಬಲ್ಬಿನ ಕೆಳಗೆ ಸ್ಟೂಲಿನ ಮೇಲೆ ಗಂಟುಮುಖ ಹಾಕಿಕೊಂಡು ಕೂತ ಮುದುಕಿಯನ್ನೂ ಅವಳ ಮಡಿಲಿನ ಬೆಕ್ಕನ್ನೂ ಕಂಡು, ಇದೂ ಪ್ರಚಾರದ ಒಂದು ಭಾಗವೇ ಎಂದುಕೊಂಡರು. ಗುಂಪಿನಲ್ಲಿದ್ದ ಒಬ್ಬ ಫೋನ್ ಎತ್ತಿ ಹಿಡಿದ. ಅತ್ತೆ ಅಂಗೈಯನ್ನು ದೊರೆಯ ಕಣ್ಣುಗಳ ಮೇಲೆ ಅಡ್ಡ ಇಟ್ಟಳು.

"ಕೈ ತೆಗೀರಿ ಆಂಟಿ, ಒಂದೇ ಫೋಟೋ. ಅದು ಕುರುಡು ಬೆಕ್ಕು ಅಂತ ಗೇಟಲ್ಲಿ ಹೇಳಿದ್ರಲ್ಲ, ಫ್ಲಾಶ್ ಹೊಡೆದ್ರೆ ಅದಕ್ಕೇನ್ ಗೊತ್ತಾಗುತ್ತೆ?"

"ಅದಕ್ಕೆ ಗೊತ್ತಾಗಲ್ಲ" ಅಂದಳು ಅತ್ತೆ. "ನಂಗೆ ಗೊತ್ತಾಗುತ್ತೆ. ಒಳಗಿಡು."

ಅವನು ಫೋನನ್ನು ಜೇಬಿಗಿಟ್ಟ. ಅವನ ಹಿಂದೆ ನಿಂತಿದ್ದವನು ತನ್ನದನ್ನು ಹೊರಗೆ ತೆಗೆದ. ಅತ್ತೆಯ ಕೈ ಇದ್ದಲ್ಲೇ ಇತ್ತು.